ಪುಟದ ಹಿಂದೆ ಬರೆದದ್ದು

ನಲವತ್ತೆಂಟು ವರ್ಷದ, ಬಾಗಿಲಿಗೆ ತಲೆ ತಗ್ಗಿಸಿ ಒಳಬರಬೇಕಾದಷ್ಟು ಎತ್ತರದ ಹೆಂಗಸನ್ನು ಅಕ್ಕ ಇನ್ನೂ ಪುಟ್ಟಿ ಎಂದೇ ಕರೆಯುತ್ತಿದ್ದಳು. ಆ ಹೆಸರು ಮನೆಯಿಂದ ಬೀದಿಗಿಳಿದು, ಬೀದಿಯಿಂದ ಅವಳು ಕೆಲಸ ಮಾಡುವ ಕನ್ನಡಕದ ಅಂಗಡಿಗೂ ತಲುಪಿ, ಯಜಮಾನರೂ ಹಾಗೇ ಕೂಗುತ್ತಿದ್ದರು. ಅಂಗಡಿಯ ಹಿಂದಿನ ಕಿಟಕಿಯಿಲ್ಲದ ಕೋಣೆಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು, ಉಸಿರು ಬಿಟ್ಟರೆ ಹಾರಿಹೋಗುವಂಥ ಸ್ಕ್ರೂಗಳನ್ನು ಬಿಗಿಯುವುದು ಪುಟ್ಟಿಯ ಕೆಲಸ. ಇಪ್ಪತ್ತು ವರ್ಷದಲ್ಲಿ ಕೈ ಚೆನ್ನಾಗಿ ಪಳಗಿತ್ತು.

ಅಕ್ಕ ಹನ್ನೊಂದು ವರ್ಷ ದೊಡ್ಡವಳು. ಅಮ್ಮ ತೀರಿಕೊಂಡಾಗ ಪುಟ್ಟಿಗೆ ಆರು ವರ್ಷ. ಆಗ ಹೊಲಿಗೆ ಯಂತ್ರದ ಮುಂದೆ ಕೂತ ಅಕ್ಕ ಇನ್ನೂ ಎದ್ದಿಲ್ಲ ಎಂದರೂ ನಡೆದೀತು. ಊರಿನವರ ಪ್ಯಾಂಟಿನ ಉದ್ದ ಕಡಿಮೆ ಮಾಡುತ್ತ, ಹಾಳಾದ ಜಿಪ್ ಬದಲಿಸುತ್ತ ತಂಗಿಯನ್ನು ಓದಿಸಿದಳು. ಇಬ್ಬರೂ ಮದುವೆಯಾಗಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ ಅಕ್ಕ, "ಪುರುಸೊತ್ತಾಗಲಿಲ್ಲ" ಎಂದುಬಿಡುತ್ತಿದ್ದಳು.

ಲೈಬ್ರರಿಯ ಮಹಡಿಯಲ್ಲಿ ಭಾನುವಾರ ಬೆಳಗ್ಗೆ ಬ್ಲಾಗ್ ಮಾಡುವುದನ್ನು ಪುಕ್ಕಟೆ ಹೇಳಿಕೊಡುತ್ತಾರೆ ಎಂಬ ಚೀಟಿಯನ್ನು ಪುಟ್ಟಿ ನೋಡಿದ್ದು ಅಂಗಡಿಯ ಎದುರಿನ ಗೋಡೆಯ ಮೇಲೆ. ಅವಳ ಹತ್ತಿರ ಹೇಳಲು ಬೇಕಾದಷ್ಟಿತ್ತು. ಕನ್ನಡಕ ಮುರಿದುಕೊಂಡು ಬರುವ ಪ್ರತಿಯೊಬ್ಬರೂ ಅದು ಮುರಿದ ಕಥೆಯನ್ನೂ ತರುತ್ತಿದ್ದರು. ಅವನ್ನೆಲ್ಲ ಬರೆದಿಡಬೇಕೆಂದು ಎಷ್ಟೋ ವರ್ಷಗಳಿಂದ ಅಂದುಕೊಂಡಿದ್ದಳು.

ಮೊದಲ ಮೂರು ವಾರ ಕಣ್ಣಿಗೆ ಕತ್ತಲೆ ಕವಿದಂತಾಯಿತು. ಪುಟ ಹೇಗೆ ಕಾಣಬೇಕೆಂದು ಹೇಳುವ ಕೋಡನ್ನು ಹಿಂದೆ ಬರೆಯಬೇಕು; ಅದರಲ್ಲಿ ತೆರೆದ ಪ್ರತಿ ಟ್ಯಾಗ್ ಗುರುತನ್ನೂ ಮುಚ್ಚಬೇಕು. ಒಂದು ಓರೆಗೆರೆ ಬಿಟ್ಟರೂ ಪುಟ ಕೈಕೊಡುತ್ತದೆ. ಒಮ್ಮೆ ಶೀರ್ಷಿಕೆಯನ್ನು ದಪ್ಪ ಮಾಡಲು ಹೋಗಿ ಪುಟದ ಕೊನೆಯ ಅಕ್ಷರದವರೆಗೂ ಎಲ್ಲವೂ ದಪ್ಪಗಾಯಿತು. ತಪ್ಪೆಲ್ಲಿ ಎಂದು ಅವಳು ತಲೆ ಕೆರೆದುಕೊಂಡು ಹುಡುಕುತ್ತಿದ್ದಾಗಲೇ ಮೇಷ್ಟ್ರು ಮುಂದೆ ನಿಂತು ಕಾಮೆಂಟ್ ಎಂದರೇನು ಎಂದು ಹೇಳುತ್ತಿದ್ದರು. "ಈ ಎರಡು ಗುರುತಿನ ಮಧ್ಯ ಏನು ಬರೆದ್ರೂ ಪುಟದ ಮೇಲೆ ಕಾಣ್ಸಲ್ಲ. ನಿಮಗೆ ನೀವೇ ಬರ್ಕೊಳ್ಳೋ ಚೀಟಿ ಅಂತ ಇಟ್ಕೊಳ್ಳಿ" ಎಂದದ್ದಷ್ಟೇ ಅವಳ ಕಿವಿಗೆ ಬಿತ್ತು. ಮುಂದಿನ ಮಾತು ಬೀಳಲಿಲ್ಲ.

ಕಾಣಿಸದ ಆ ಜಾಗ ಅವಳಿಗೆ ಬಹಳ ಹಿಡಿಸಿತು. ಮೊದಮೊದಲು 'ಈ ಬಣ್ಣ ಬದಲಿಸು', 'ಇಲ್ಲಿ ಚಿತ್ರ ಹಾಕು' ಎಂದು ಬರೆದುಕೊಂಡಳು. ಆಮೇಲೆ, ಮೇಲೆ ಬರೆಯಲಾಗದ್ದೆಲ್ಲ ಒಳಗಿಳಿಯಿತು. ಯಜಮಾನರ ಬಗ್ಗೆ ನಾಲ್ಕು ಒಳ್ಳೆಯ ಮಾತು; ಅದರ ಕೆಳಗೆ, ಯಾರಿಗೂ ಕಾಣದಂತೆ, 'ಹಲ್ಲುಕಡ್ಡಿ ಬಾಯಲ್ಲಿಟ್ಟುಕೊಂಡೇ ಗಿರಾಕಿಗಳ ಹತ್ತಿರ ಮಾತಾಡುತ್ತಾರೆ.' ಬರೆದು ಒಬ್ಬಳೇ ನಗುತ್ತಿದ್ದಳು. ಮನಸ್ಸು ಹಗುರಾಗುತ್ತಿತ್ತು.

ಎಂಟನೆಯ ವಾರ ಅಕ್ಕನ ಬಗ್ಗೆ ಬರೆದಳು. 'ನನ್ನ ಪಾಲಿಗೆ ಅಮ್ಮ ಅವಳೇ' ಎಂದು ಶುರುವಾದ ಬರಹ ನಿಜವಾಗಿಯೂ ಚೆನ್ನಾಗಿತ್ತು. ಆದರೆ ಅದೇ ದಿನ ಬೆಳಗ್ಗೆ ಅಕ್ಕ ಪಕ್ಕದ ಮನೆಯವರೆದುರು, "ಇವಳನ್ನ ಎತ್ತಿ ಆಡಿಸಿದ್ದು ನಾನೇ, ಇವಳಿಗೇನು ಗೊತ್ತಾಗುತ್ತೆ" ಎಂದಿದ್ದಳು. ಆ ಸಿಟ್ಟು ಇನ್ನೂ ಆರಿರಲಿಲ್ಲ. ಹಾಗಾಗಿ ಪ್ಯಾರಾದ ಕೆಳಗೆ, ಗುರುತುಗಳ ಮಧ್ಯೆ ಬರೆದಳು: 'ಎತ್ತಿ ಆಡಿಸಿದ್ದನ್ನು ನಲವತ್ತು ವರ್ಷದಿಂದ ಕೇಳುತ್ತಿದ್ದೇನೆ. ಇಳಿಸುವುದು ಯಾವಾಗ? ಅಕ್ಕನ ಕನ್ನಡಕದ ನಂಬರ್ ಹೆಚ್ಚಾಗಿ ಎಂಟು ತಿಂಗಳಾಯಿತು. ಬೇಕೆಂದೇ ಹೊಸದು ಮಾಡಿಕೊಟ್ಟಿಲ್ಲ. ಕಣ್ಣು ಸರಿಯಾಗಿ ಕಂಡರೆ ನಾನು ತೊಳೆದ ತಟ್ಟೆಯಲ್ಲಿ ಕಲೆ ಹುಡುಕುತ್ತಾಳೆ. ಈಗ ಮನೆ ತಣ್ಣಗಿದೆ.'

ಅದು ನಿಜವಾಗಿತ್ತು. ಅಕ್ಕ ಎಷ್ಟೋ ಸಲ ಕೇಳಿದ್ದಳು: "ಪುಟ್ಟಿ, ಸೂಜಿಗೆ ದಾರ ಹಾಕೋಕೆ ಆಗ್ತಿಲ್ಲ ಕಣೆ. ಒಂದ್ಸಲ ಕಣ್ಣು ನೋಡಿಸು." ಪ್ರತಿ ಸಲವೂ ಪುಟ್ಟಿ, "ಅಂಗಡೀಲಿ ಕಣ್ಣು ನೋಡೋ ಮಷೀನ್ ಕೆಟ್ಟಿದೆ ಅಕ್ಕ, ಮುಂದಿನ ವಾರ" ಎಂದು ಸಾಗಹಾಕಿದ್ದಳು. ಮಷೀನಿಗೆ ಏನೂ ಆಗಿರಲಿಲ್ಲ.

ಹತ್ತನೆಯ ಭಾನುವಾರ ಕೊನೆಯ ತರಗತಿ. ಮನೆಯವರನ್ನೂ ಕರೆತನ್ನಿ ಎಂದಿದ್ದರು. ಅಕ್ಕ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು ಮುಂದಿನ ಸಾಲಿನಲ್ಲೇ ಕೂತಳು. ಮೇಷ್ಟ್ರು ಒಬ್ಬೊಬ್ಬರ ಬ್ಲಾಗನ್ನೂ ಗೋಡೆಯ ಮೇಲೆ ತೋರಿಸಿದರು. ಪುಟ್ಟಿಯ ಸರದಿ ಬಂದಾಗ ಅಕ್ಕನ ಬಗೆಗಿನ ಬರಹವನ್ನು ತಾವೇ ಗಟ್ಟಿಯಾಗಿ ಓದಿದರು. ಜನ ಚಪ್ಪಾಳೆ ತಟ್ಟಿದರು. ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು ಪಕ್ಕದವರಿಗೆ, "ನನ್ನ ತಂಗಿ" ಎಂದಳು.

"ಬರಹ ಮಾತ್ರ ಅಲ್ಲ, ಇವರ ಕೋಡೂ ಅಷ್ಟೇ ಅಚ್ಚುಕಟ್ಟು. ನೋಡಿ, ಯಾವ ಪುಟ ಆದ್ರೂ ಹೀಗೆ ಹಿಂದಿನಿಂದ ತೆಗೆದು ನೋಡ್ಬಹುದು" ಎನ್ನುತ್ತ ಮೇಷ್ಟ್ರು ಒಂದು ಗುಂಡಿ ಒತ್ತಿದರು.

ಪುಟ್ಟಿಗೆ ಅರ್ಥವಾಗುವುದರೊಳಗೆ ಗೋಡೆಯ ತುಂಬ ಕೋಡ್ ಹರಡಿಕೊಂಡಿತು. ಟ್ಯಾಗುಗಳ ನಡುವೆ ಅವಳ ಚೀಟಿ ಹಸಿರು ಬಣ್ಣದಲ್ಲಿ ಎದ್ದು ಕಾಣುತ್ತಿತ್ತು. ಒಂದೊಂದು ಅಕ್ಷರವೂ ಅಂಗೈಯಗಲ. ಹತ್ತಿರದ್ದು ಕಾಣದ ಅಕ್ಕನಿಗೆ ದೂರದ್ದು ಚೆನ್ನಾಗಿಯೇ ಕಾಣುತ್ತಿತ್ತು. ಅವಳು ಶಾಲೆಯ ಮಕ್ಕಳಂತೆ ತುಟಿ ಆಡಿಸುತ್ತ ಓದಿದಳು. "ಬೇಕೆಂದೇ ಹೊಸದು ಮಾಡಿಕೊಟ್ಟಿಲ್ಲ" ಎಂಬಲ್ಲಿಗೆ ದನಿ ಹೊರಗೇ ಬಂದುಬಿಟ್ಟಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕು ತಕ್ಷಣ ಬಾಯಿ ಮುಚ್ಚಿಕೊಂಡರು. ಮೇಷ್ಟ್ರು ತಡವರಿಸಿ ಪುಟ ಮುಚ್ಚಿದರು. ಪುಟ್ಟಿ ತನ್ನ ಚಪ್ಪಲಿಯನ್ನೇ ನೋಡುತ್ತ ಕೂತಳು. ಕಿವಿ, ಕುತ್ತಿಗೆ ಎಲ್ಲ ಕೆಂಡದಂತೆ ಸುಡುತ್ತಿತ್ತು. ನೆಲ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದಳು.

ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಮನೆಗೆ ಬಂದ ಮೇಲೆ ಪುಟ್ಟಿ, "ಅಕ್ಕಾ, ಅದು ಸುಮ್ನೆ ಸಿಟ್ಟಲ್ಲಿ..." ಎಂದು ಬಾಯಿ ತೆರೆದಳು.

"ಮಷೀನ್ ಕೆಟ್ಟಿತ್ತಾ?" ಅಕ್ಕ ಕೇಳಿದಳು.

"ಇಲ್ಲ."

"ಎಂಟು ತಿಂಗಳು ನಾನು ಸೂಜಿಗೆ ದಾರ ಹಾಕಿಸ್ಕೊಂಡಿದ್ದು ಯಾರ ಕೈಲಿ ಗೊತ್ತಾ? ಬಟ್ಟೆ ಕೊಡೋಕೆ ಬಂದ ಗಿರಾಕಿಗಳ ಕೈಲಿ. ವಯಸ್ಸಾಯ್ತು, ಇನ್ನು ಕೆಲಸ ಮುಗೀತು ಅಂದ್ಕೊಂಡಿದ್ದೆ ಕಣೆ." ಅಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಪುಟ್ಟಿ ತಡೆದುಕೊಳ್ಳುತ್ತಿದ್ದಳು.

ಮರುದಿನ ಪುಟ್ಟಿ ಅಂಗಡಿಗೆ ಎಲ್ಲರಿಗಿಂತ ಮೊದಲು ಹೋಗಿ ಒಳ್ಳೆಯ ಫ್ರೇಮ್ ಒಂದನ್ನು ಆರಿಸಿಟ್ಟಳು. ಸಂಜೆ ಅಕ್ಕನನ್ನು ಪರೀಕ್ಷೆಗೆ ಕರೆದೊಯ್ಯಲೆಂದು ಬೇಗ ಬಂದರೆ ಮನೆಗೆ ಬೀಗ. ಕತ್ತಲಾಗುವ ಮುಂಚೆ ಅಕ್ಕ ಬಂದಳು. ಎರಡು ಬೀದಿಯಾಚೆಯ ಬೇರೆ ಅಂಗಡಿಗೆ ಹೋಗಿ ಕಣ್ಣು ತೋರಿಸಿ ಬಂದಿದ್ದಳು. ಗುರುವಾರ ಕನ್ನಡಕವೂ ಬಂತು. ಇಪ್ಪತ್ತು ವರ್ಷ ಊರಿಗೆಲ್ಲ ಕನ್ನಡಕ ಕೂರಿಸಿದವಳ ಸ್ವಂತ ಅಕ್ಕನ ಮೂಗಿನ ಮೇಲೆ ಪರರ ಕೈಕೆಲಸ! ಯಜಮಾನರಿಗೂ ಸುದ್ದಿ ಮುಟ್ಟಿತು. "ಏನು ಪುಟ್ಟಿ, ನಮ್ಮ ಗಾಜು ಅಷ್ಟು ಕೆಟ್ಟದ್ದಾ?" ಎಂದು ಹಲ್ಲುಕಡ್ಡಿ ಕಚ್ಚಿಕೊಂಡೇ ಕೇಳಿದರು. ಅವಳು ಸ್ಕ್ರೂ ಬಿದ್ದಂತೆ ನಟಿಸಿ ಮೇಜಿನ ಕೆಳಗೆ ಬಗ್ಗಿದಳು.

ಬ್ಲಾಗಿನ ಹಿಂದೆ ಬರೆದದ್ದನ್ನೆಲ್ಲ ಅವಳು ಒಂದೊಂದಾಗಿ ಅಳಿಸಿದಳು. ಅಕ್ಕನ ಬಗೆಗಿನ ಬರಹವನ್ನೇ ತೆಗೆದುಬಿಡೋಣವೆಂದು ಹೊರಟಾಗ ಅಕ್ಕನೇ, "ಅದು ಇರ್ಲಿ ಬಿಡು, ಅದೂ ಸುಳ್ಳಲ್ಲ" ಎಂದಳು. ಆದರೆ ತಂಗಿಯನ್ನು ಎತ್ತಿ ಆಡಿಸಿದ ಮಾತನ್ನು ಅಂದಿನಿಂದ ಯಾರೆದುರೂ ಆಡಲಿಲ್ಲ. ಆ ಮಾತಿಲ್ಲದ ಮನೆಯಲ್ಲಿ ಪುಟ್ಟಿಗೆ ಊಟ ಸೇರುತ್ತಿರಲಿಲ್ಲ.

ಹೊಸ ಕನ್ನಡಕ ಅಕ್ಕನ ಮುಖಕ್ಕೆ ಸರಿಯಾಗಿ ಕೂತಿರಲಿಲ್ಲ. ಎಡಗಡೆಯ ಕಡ್ಡಿ ತುಸು ಮೇಲೆದ್ದು, ಗಾಜು ವಾರೆಯಾಗಿತ್ತು. ಪುಟ್ಟಿಯ ಕಣ್ಣಿಗೆ ಅದು ಮೊದಲ ದಿನವೇ ಬಿದ್ದಿತ್ತು. ಎರಡು ನಿಮಿಷದ ಕೆಲಸ. ಕೊಡು ಎಂದು ಕೇಳಲು ಮಾತ್ರ ಬಾಯಿ ಬರಲಿಲ್ಲ. ಎರಡು ವಾರ ದಿನಾ ಅದನ್ನೇ ನೋಡುತ್ತ ಎದುರು ಕೂತು ಉಂಡಳು.

ಒಂದು ಮಧ್ಯಾಹ್ನ ಅಕ್ಕ ಹೊಲಿಗೆ ನಿಲ್ಲಿಸಿ ಕನ್ನಡಕ ತೆಗೆದಳು. ಮೂಗಿನ ಪಕ್ಕ ಕೆಂಪಗೆ ಗಾಯವಾಗಿತ್ತು. ಅದನ್ನು ತಿಕ್ಕಿಕೊಳ್ಳುತ್ತ, ಪುಟ್ಟಿಯ ಮುಖ ನೋಡದೆ ಕೈ ಚಾಚಿದಳು.

"ಮೂಗು ಕಿತ್ತು ಬರ್ತಿದೆ. ಸರಿ ಮಾಡ್ಕೊಡು."

ಪುಟ್ಟಿ ಎರಡೂ ಕೈಯಲ್ಲಿ ತೆಗೆದುಕೊಂಡಳು. ಬಿಸಿನೀರು ತಂದು ಕಡ್ಡಿಯನ್ನು ಅದ್ದಿ, ಮೆತ್ತಗಾದ ಮೇಲೆ ಹೆಬ್ಬೆರಳಿನಿಂದ ಒಂಚೂರು ಬಗ್ಗಿಸಿ, ಒರೆಸಿ, ಅಕ್ಕನ ಕಿವಿಗೆ ತಾನೇ ಏರಿಸಿದಳು.

"ಈಗ ಸರಿಯಾಯ್ತಾ ಅಕ್ಕ?"

ಅಕ್ಕ ಅತ್ತಿತ್ತ ತಲೆ ಆಡಿಸಿ ನೋಡಿದಳು. "ಹೂಂ. ಸರಿಯಾಯ್ತು" ಎಂದು ಮತ್ತೆ ಹೊಲಿಗೆಗೆ ಬಗ್ಗಿದಳು.