ಚೊಗರಿನಲ್ಲಿ ಅದ್ದಿದ ಗೌನು

ನಡುವಿನ ಹೊಲಿಗೆ ಬಿಡಬಹುದಿತ್ತು. ನೆಲ ಗುಡಿಸುವ ಲಂಗವನ್ನು ಮಗಳೇ ತುಳಿದು ಮುಗ್ಗರಿಸಬಹುದಿತ್ತು. ಹಿಂಭಾಗ ಉಬ್ಬಿ ಕಾಣಲೆಂದು ಸೊಂಟಕ್ಕೆ ಕಟ್ಟಿದ ತಲೆದಿಂಬು ಜಾರಿ ಮೊಣಕಾಲಿಗೆ ಬರಬಹುದಿತ್ತು. ತೀರ್ಥಹಳ್ಳಿ ಬಸ್ಸಿನಲ್ಲಿ ಯಾರಾದರೂ ಗೌನಿನ ಚೀಲದ ಮೇಲೆ ವಾಂತಿ ಮಾಡಬಹುದಿತ್ತು. ಇಷ್ಟನ್ನೂ ಹದಿನೈದು ದಿನ ಮುಂಚೆಯೇ ಕಲ್ಪಿಸಿಕೊಂಡು, ಒಂದೊಂದಕ್ಕೂ ಬೇರೆ ಬೇರೆಯಾಗಿ ನಿದ್ದೆ ಕೆಡಿಸಿಕೊಂಡಿದ್ದೆ.

ಸಾಗರದಲ್ಲಿ ಓದುವ ಮಗಳಿಗೆ, ತೀರ್ಥಹಳ್ಳಿಯಲ್ಲಿ ಆಡಲಿದ್ದ ಕಾಲೇಜು ನಾಟಕದಲ್ಲಿ ವಿಕ್ಟೋರಿಯಾ ಕಾಲದ ದೊರೆಸಾನಿಯ ಪಾತ್ರ ಸಿಕ್ಕಿತ್ತು. ಹಿಂದಿನ ವರ್ಷ ಅವಳು ಮಾತು ಮರೆತಾಗ ಸಭೆ ನಕ್ಕಿತ್ತು. "ಈ ಸಲ ಒಬ್ರು ನಕ್ರೂ ನಾನು ಮತ್ತೆ ಸ್ಟೇಜ್ ಹತ್ತಲ್ಲ ಅಮ್ಮಾ" ಎಂದಿದ್ದಳು. ಬಾಡಿಗೆಯ ಉಡುಪು ತಂದಿದ್ದರೆ ಮುಗಿಯುತ್ತಿತ್ತು. ಯಾರ್ಯಾರದೋ ಬೆವರು ಕುಡಿದ ಬಟ್ಟೆ ಎಂದು ಹೇಸಿ, ನಾನೇ ಹೊಲಿಯುತ್ತೇನೆಂದೆ.

ಮನೆಯವರ ಬೆವರೇನೂ ಅದಕ್ಕಿಂತ ಮೇಲಲ್ಲ ಎಂಬುದು ಗೌನಿಗೆ ಬಟ್ಟೆ ಹುಡುಕಲು ಹೊಸನಗರದ ನಮ್ಮ ಮನೆಯ ಹಳೇ ಟ್ರಂಕು ತೆರೆದಾಗ ತಿಳಿಯಿತು. ಹಾಸಿಗೆ ಹೊದಿಕೆಗಳ ಮಡಿಕೆಯಲ್ಲಿ ಜಿರಳೆ ಮೊಟ್ಟೆ, ಇಲಿಯ ಹಿಕ್ಕೆ, ಯಾರ ತಲೆಯದೋ ಕೊಬ್ಬರಿ ಎಣ್ಣೆಯ ಭೂಪಟ. ಕಿಟಕಿಯ ಪರದೆ ಹಿಂಡಿದರೆ ಕಷಾಯದಂಥ ನೀರು. ಮೂರು ಸಲ ಕುದಿಸಿದೆ. ಮೂರು ಸಲವೂ ಓಕರಿಕೆ.

ಅತ್ತೆ ಬಾಗಿಲಲ್ಲೇ ನಿಂತು ಸೆರಗಿನಿಂದ ಮೂಗು ಮುಚ್ಚಿಕೊಂಡರು. "ಮಲಗೋ ಬಟ್ಟೇನ ಹುಡುಗಿಗೆ ಉಡಿಸ್ತೀಯನೇ? ಎಂತ ಬುದ್ಧಿ ನಿಂದು!"

"ಬಣ್ಣ ಹಾಕಿದ್ರೆ ಗೊತ್ತಾಗಲ್ಲ ಅತ್ತೆ" ಎಂದೆ.

ಬಣ್ಣವೆಂದರೆ ಚೊಗರು, ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಕೆಂಗಂದು ನೀರು. ಪಕ್ಕದ ಮನೆಯವರು ಕೊಟ್ಟ ಹಳೇ ಚೊಗರಿನ ಮೇಲೆ ಕೆನೆಯಂತೆ ಬೂಸ್ಟು ಕಟ್ಟಿತ್ತು. ಅದನ್ನು ಬರಿಗೈಯಲ್ಲೇ ತೆಗೆದೆ. ಎರಡು ದಿನ ಆ ಕೈಯಲ್ಲಿ ಊಟ ಸೇರಲಿಲ್ಲ. ಅದ್ದಿ ಒಣಗಿಸಿದ ಬಟ್ಟೆಯನ್ನು ಮತ್ತೆ ನೀರಿನಲ್ಲಿ ಜಾಲಿಸಿ, ಹೆಚ್ಚಿನ ಬಣ್ಣ ಬಿಡಿಸಬೇಕು. ಬಂದ ಬಣ್ಣವೂ ಹೋಗಿಬಿಟ್ಟರೆ ಎಂಬ ಹೆದರಿಕೆಗೆ ನಾನು ಜಾಲಿಸಲೇ ಇಲ್ಲ.

ಹೊಲಿದಾದ ಮೇಲೆ ತೊಟ್ಟು ನೋಡಿದ ಮಗಳು ಮುಖ ಕಿವುಚಿದಳು. "ಎಂತ ಗಬ್ಬು ಮಾರಾಯ್ತಿ! ದೊರೆಸಾನಿ ಸತ್ತು ಮೂರ್ ದಿನ ಆದಂಗಿದೆ." ಆದರೂ ಕನ್ನಡಿಯ ಮುಂದೆ ಎರಡು ಸುತ್ತು ತಿರುಗಿದಳು.

ತೀರ್ಥಹಳ್ಳಿಯಲ್ಲಿ ನಾಟಕದ ದಿನ ಹೊಲಿಗೆ ಬಿಡಲಿಲ್ಲ, ಯಾರೂ ಮುಗ್ಗರಿಸಲಿಲ್ಲ. ಮಗಳು ಒಂದು ಮಾತೂ ಮರೆಯಲಿಲ್ಲ. ಕೊನೆಯ ದೃಶ್ಯದಲ್ಲಿ ದೊರೆಯ ಪಾತ್ರದ ಹುಡುಗ, ದೀಪಗಳ ಕಾವಿಗೆ ಬೆವರಿದ್ದ ಅವಳ ಸೊಂಟ ಬಳಸಿದ್ದ ಬಿಳಿ ಕೈಗವಸಿನ ಕೈಯನ್ನು ತೆಗೆದು, ಅದರಲ್ಲೇ ಕಣ್ಣೊರೆಸಿಕೊಂಡ. ಮೂಗಿನಿಂದ ಕಿವಿಯವರೆಗೆ ಚೊಗರಿನ ಪಟ್ಟೆ. ಅದೂ ಮೇಕಪ್ಪೇ ಎಂದುಕೊಂಡಿತೋ ಏನೋ, ಸಭೆ ಉಸಿರು ಬಿಗಿಹಿಡಿದು ಕೂತಿತ್ತು. ಮಗಳು ಕೊನೆಯ ಮಾತಿಗೆ ಬಾಯಿ ತೆರೆದಳು.

ಆ ನಿಶ್ಶಬ್ದದಲ್ಲಿ ಕಿಸಕ್ಕನೆ ನಕ್ಕವಳು ನಾನೊಬ್ಬಳೇ. ಅವಳು ಮಾತು ನಿಲ್ಲಿಸಿ, ನೇರವಾಗಿ ನಾನು ಕೂತಿದ್ದ ಮೂರನೆಯ ಸಾಲಿನತ್ತ ನೋಡಿದಳು.