ಮೆಹರಕ್ಕನ ಮೊದಲನೇ ರಿಂಗು

ಮೆಹರಕ್ಕ ಫೋನನ್ನು ಎರಡನೇ ಸಲ ರಿಂಗಾಗಲು ಬಿಡುತ್ತಿರಲಿಲ್ಲ. ಊಟ ಮಾಡುತ್ತಿದ್ದರೆ ಎಡಗೈಯಲ್ಲಿ ಎತ್ತುತ್ತಿದ್ದರು. ನಮಾಜಿಗೆ ಹೋಗುವ ಮುಂಚೆ ನನ್ನನ್ನು ಕೂಗಿ, "ಸಿದ್ಲಿಂಗು, ಒಂಚೂರು ಫೋನ್ ಕಡೆ ಕಿವಿ ಇಟ್ಟಿರಪ್ಪ" ಎಂದು ಹೇಳಿಯೇ ಒಳಕೋಣೆಗೆ ಹೋಗುತ್ತಿದ್ದರು. ಒಮ್ಮೆ ಜೆರಾಕ್ಸ್ ತೆಗೆಯುವ ಗಡಿಬಿಡಿಯಲ್ಲಿ ನಾನು ಫೋನ್ ಎತ್ತಲಿಲ್ಲವೆಂದು ಸಂಜೆಯವರೆಗೂ ಮಾತು ಬಿಟ್ಟಿದ್ದರು. "ಯಾರಿಗೆ ಏನ್ ಅರ್ಜೆಂಟಿತ್ತೋ, ನಿಂಗೇನ್ ಗೊತ್ತು?" ಎಂಬುದು ಅವರ ವಾದ.

ಗುಬ್ಬಿಯ ಬಸ್ ಸ್ಟ್ಯಾಂಡಿನ ಹತ್ತಿರ ಅವರದ್ದು ಎಸ್‌ಟಿಡಿ ಬೂತು, ಅದಕ್ಕೆ ಅಂಟಿಕೊಂಡಂತೆ ನನ್ನ ಜೆರಾಕ್ಸ್ ಅಂಗಡಿ. ಗಂಡ ತೀರಿಕೊಂಡ ಮೇಲೆ ಅವರು ಮಗಳನ್ನು ಓದಿಸಿದ್ದು, ಕುಣಿಗಲ್ಲಿಗೆ ಮದುವೆ ಮಾಡಿಕೊಟ್ಟದ್ದು ಎಲ್ಲವೂ ಆ ಬೂತಿನ ದುಡಿಮೆಯಲ್ಲೇ. ಬೂತಿನೊಳಗೆ ಗಾಜಿನ ಬಾಗಿಲಿನ ಒಂದು ಕ್ಯಾಬಿನ್, ಹೊರಗೆ ಮೇಜಿನ ಮೇಲೆ ಒಂದು ಹಳೇ ರೇಡಿಯೋ. ಕ್ಯಾಬಿನ್ನಿನಲ್ಲಿ ಯಾರಾದರೂ ಕಣ್ಣೊರೆಸಿಕೊಳ್ಳುತ್ತ ಮಾತಾಡುತ್ತಿರುವುದು ಕಂಡರೆ ಮೆಹರಕ್ಕ ರೇಡಿಯೋ ಜೋರು ಮಾಡುತ್ತಿದ್ದರು. ಒಳಗಿನ ಅಳು ಹೊರಗಿನವರ ಕಿವಿಗೆ ಬೀಳದಿರಲಿ ಎಂದು. ಯಾಕಕ್ಕ ಇಷ್ಟು ಜೋರು ಎಂದು ಯಾರಾದರೂ ಕೇಳಿದರೆ, "ಬ್ಯಾಟ್ರಿ ಹೊಸದು" ಎನ್ನುತ್ತಿದ್ದರು. ಆ ರೇಡಿಯೋ ಓಡುತ್ತಿದ್ದುದು ಕರೆಂಟಿನಲ್ಲಿ.

ಆಮೇಲೆ ಎಲ್ಲರ ಜೇಬಿಗೂ ಮೊಬೈಲ್ ಬಂತು. ಬೂತಿನ ಮುಂದಿನ ಬೆಂಚು ಬಸ್ ಕಾಯುವವರ ಪಾಲಾಯಿತು. "ನನ್ ಕ್ಯಾಬಿನ್ನಾಗೆ ಈಗ ಜೇಡರಹುಳ ಸಂಸಾರ ಹೂಡೈತೆ ಕಣೋ" ಎಂದು ಮೆಹರಕ್ಕ ನಗುತ್ತಿದ್ದರು, ಆದರೆ ಆ ನಗು ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ. ಬೂತು ಮುಚ್ಚಿದರೆ ಕುಣಿಗಲ್ಲಿಗೆ ಹೋಗಿ ಮಗಳ ಮನೆಯಲ್ಲಿ ಕೂರಬೇಕು. "ಅಳಿಯ ಬಂಗಾರದಂಥವ್ನು, ಅದು ಬ್ಯಾರೆ ಮಾತು. ಆದ್ರೆ ಅಲ್ಲಿಗೆ ನಾನು ಹಬ್ಬಕ್ಕೆ ಹೋಗ್ಬೇಕು, ಇರಕ್ಕಲ್ಲ" ಎಂದವರು, ಕೊನೆಗೆ ಒಂದು ದಿನ ನನ್ನೆದುರು ಕೂತು ಬ್ರೌಸಿಂಗ್ ಸೆಂಟರ್ ಮಾಡೋಣವೇ ಎಂದು ಕೇಳಿದರು. ಕಂಪ್ಯೂಟರು ಅವರ ಬೂತಿನಲ್ಲಿ, ಪ್ರಿಂಟು ನನ್ನ ಅಂಗಡಿಯಲ್ಲಿ, ಇಂಟರ್‌ನೆಟ್ ಇಬ್ಬರಿಗೂ ಸೇರಿ ಒಂದೇ. ಪಿಯುಸಿ ರಿಸಲ್ಟ್ ಬರುವುದರೊಳಗೆ ಶುರುವಾಗಬೇಕು. ಆ ಒಂದು ದಿನ ಹೆಸರು ಬಂದರೆ ಅಂಗಡಿ ಉಳಿಯುತ್ತದೆ, ಕೆಟ್ಟರೆ ಕುಣಿಗಲ್ಲೇ ಗತಿ.

ಆದರೆ ಯಾರ ಇಂಟರ್‌ನೆಟ್ ತಗೊಳ್ಳುವುದು? ನಮ್ಮೂರಿನ ಟೆಲಿಫೋನ್ ಲೈನಿಗೆ ಬ್ರಾಡ್‌ಬ್ಯಾಂಡ್ ಇನ್ನೂ ಬಂದಿರಲಿಲ್ಲ. ತುಮಕೂರಿನ ಒಂದು ಖಾಸಗಿ ಕಂಪನಿ ಮಹಡಿಯ ಮೇಲೆ ಆಂಟೆನಾ ನಿಲ್ಲಿಸಿ ಕೊಡುತ್ತೇವೆ ಎನ್ನುತ್ತಿತ್ತು. ಟೈ ಕಟ್ಟಿದ ಹುಡುಗ ಬಂದು ಮಿರಮಿರ ಮಿಂಚುವ ಕಾಗದಗಳನ್ನು ಕೊಟ್ಟು ಹೋಗಿದ್ದ. ನಾನು ಆಗಲೇ ಮನಸ್ಸಿನಲ್ಲಿ ಸಹಿ ಹಾಕಿಯಾಗಿತ್ತು. ಇನ್ನೊಬ್ಬ ನಮ್ಮ ಕೇಬಲ್ ನಾಗರಾಜ. ಮನೆಮನೆಗೆ ಟಿವಿ ಕೇಬಲ್ ಎಳೆಯುತ್ತಿದ್ದವನು, ಹೊಸದಾಗಿ ಇಂಟರ್‌ನೆಟ್ಟನ್ನೂ ಕೊಡಲು ಶುರುಮಾಡಿದ್ದ. ಅವನ ವೈರು ಊರಾಚೆ ತೆಂಗಿನ ಮರದಿಂದ ತೆಂಗಿನ ಮರಕ್ಕೆ ಜೋಲಾಡಿಕೊಂಡು ಬರುತ್ತಿತ್ತು.

ಮೆಹರಕ್ಕ ಸ್ಪೀಡು ಎಷ್ಟು ಎಂದು ಇಬ್ಬರನ್ನೂ ಕೇಳಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಫೋನಿನ ಸ್ಪೀಕರ್ ಒತ್ತಿ, ಕಂಪನಿಯ ಕಂಪ್ಲೇಂಟ್ ನಂಬರಿಗೆ ಡಯಲ್ ಮಾಡಿದರು.

"ಅಕ್ಕ, ನಮಗಿನ್ನೂ ನೆಟ್ಟೇ ಇಲ್ಲ. ಏನಂತ ಕಂಪ್ಲೇಂಟ್ ಕೊಡ್ತೀರಿ?"

"ತಗೊಳೋ ಮುಂಚೆ ಎಲ್ರೂ ಫೋನ್ ಎತ್ತಾರೆ ಕಣೋ. ಕೆಟ್ಟಾಗ ಯಾರು ಎತ್ತಾರೆ ಅಂತ ಈಗ್ಲೇ ನೋಡ್ಬೇಕು."

ಆ ಕಡೆಯಿಂದ ವೀಣೆಯ ಸಂಗೀತ ಬಂತು. ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದಿತು, ಮತ್ತೆ ವೀಣೆ. ಮೆಹರಕ್ಕ ಅರ್ಧ ಬುಟ್ಟಿ ಅವರೆಕಾಯಿ ಸುಲಿದು ಮುಗಿಸಿದರೂ ಮನುಷ್ಯರ ದನಿ ಬರಲಿಲ್ಲ. "ಚೆನ್ನಾಗಿ ನುಡಿಸ್ತಾರೆ" ಎಂದು ಫೋನ್ ಇಟ್ಟುಬಿಟ್ಟರು.

ನಾಗರಾಜನ ನಂಬರಿಗೆ ಮಾಡಿದಾಗ ಎತ್ತಿದ್ದು ಅವನ ತಾಯಿ. "ನೆಟ್ ಹೋಗೈತಾ? ಅವ್ನು ಇಲ್ಲೇ ಕಡಬದಾಗೆ ಕಂಬದ ಮ್ಯಾಲವ್ನೆ ಕಣವ್ವ. ಇಳಿದೇಟ್ಗೆ ಕಳುಸ್ತೀನಿ ಬುಡು" ಎಂದರು. ಸಂಜೆ ನಾಗರಾಜ ಟಿವಿಎಸ್ ಮೇಲೆ ಏಣಿ ಕಟ್ಟಿಕೊಂಡು ಬಂದೇಬಿಟ್ಟ. ಬೂತಿನ ಸುತ್ತ ಎರಡು ಸುತ್ತು ಹಾಕಿ, ಮಾಡು ಹತ್ತಿ ಇಳಿದು, ಬೆವರೊರೆಸಿಕೊಳ್ಳುತ್ತ, "ಅಕ್ಕ, ನಿಮಗೆ ನಾನು ಲೈನೇ ಕೊಟ್ಟಿಲ್ವಲ್ಲ!" ಎಂದ.

"ಹೌದಪ್ಪ. ನಾಳೆ ಕೊಡು" ಎಂದರು ಮೆಹರಕ್ಕ, ಚಹಾದ ಲೋಟ ಮುಂದೆ ಹಿಡಿದು.

ನನಗೆ ನಗುವೂ ಬಂತು, ಸಿಟ್ಟೂ ಬಂತು. ವ್ಯಾಪಾರವನ್ನು ಹೀಗೆಲ್ಲ ನಿರ್ಧಾರ ಮಾಡುತ್ತಾರೆಯೇ?

ರಿಸಲ್ಟಿನ ದಿನ ನನ್ನ ಸಿಟ್ಟಿಗೆ ಸರಿಯಾದ ಆಧಾರವೇ ಸಿಕ್ಕಿತು. ಹಿಂದಿನ ಸಂಜೆ ಬೀಸಿದ ಗಾಳಿಗೆ ತೆಂಗಿನ ಗರಿಗಳು ಬಿದ್ದು ನಾಗರಾಜನ ವೈರು ಮೂರ್ನಾಲ್ಕು ಕಡೆ ಹರಿದಿತ್ತು. ಅವನು ಬೆಳಿಗ್ಗೆಯೇ ಮರ ಹತ್ತಿದ್ದ, ನಿಜ. ಆದರೆ ನಮ್ಮ ಬಾಗಿಲಲ್ಲಿ ಹಳ್ಳಿಗಳಿಂದ ಬಂದ ಹುಡುಗ ಹುಡುಗಿಯರು, ಅಪ್ಪಂದಿರು ತುಂಬಿಹೋಗಿದ್ದರು. ಒಳಗೆ ಕಂಪ್ಯೂಟರುಗಳು ಸುಮ್ಮನೆ ಕೂತಿದ್ದವು. "ಆಂಟೆನಾ ಹಾಕ್ಸೋಣ ಅಂತ ಬಡ್ಕೊಂಡೆ" ಎಂದೆ.

ಮೆಹರಕ್ಕನ ಮುಖ ಬಿಳಿಚಿತ್ತು. "ನಾನು ಮನುಷ್ಯನ್ನ ನೋಡ್ದೆ, ಮರ ನೋಡ್ಲಿಲ್ಲ ಕಣೋ ಸಿದ್ಲಿಂಗು" ಎಂದರು. ಜನ ಒಬ್ಬೊಬ್ಬರಾಗಿ ಎದುರು ರಸ್ತೆಯಲ್ಲಿ ಆಂಟೆನಾ ಹಾಕಿಸಿಕೊಂಡು ಶುರುವಾಗಿದ್ದ ಇನ್ನೊಂದು ಬ್ರೌಸಿಂಗ್ ಸೆಂಟರಿನ ಕಡೆ ನೋಡತೊಡಗಿದ್ದರು. ಮೆಹರಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು. ಕ್ಯಾಬಿನ್ನಿನ ಜೇಡರ ಬಲೆ ಹೊಡೆದು, ಒಳಗಿನ ಫೋನಿನಿಂದ ತುಮಕೂರಿನ ಸದಾಶಿವನಗರದಲ್ಲಿದ್ದ ತಂಗಿಗೆ ಡಯಲ್ ಮಾಡಿದರು. ತಂಗಿಯ ಮನೆಯಲ್ಲಿ ಇಂಟರ್‌ನೆಟ್ ಇತ್ತು. "ಲೈನ್ ಇಡ್ಬೇಡ. ಮಕ್ಕಳು ನಂಬರ್ ಹೇಳ್ತಾರೆ, ನೋಡಿ ಹೇಳು. ಮೆತ್ತಗೆ ಹೇಳು" ಎಂದು ಹೊರಗೆ ಬಂದು, "ಒಬ್ಬೊಬ್ರೇ ಒಳಗೆ ಹೋಗ್ರಪ್ಪ, ಬಾಗ್ಲು ಹಾಕ್ಕೊಳ್ರಿ" ಎಂದರು.

ಸಾಲು ನಿಂತಿತು. ಮಕ್ಕಳು ಒಳಗೆ ಹೋಗಿ ನಂಬರು ಹೇಳಿ, ಫೋನನ್ನು ಕಿವಿಗೆ ಒತ್ತಿಕೊಂಡು ಕಾಯುತ್ತಿದ್ದರು. ಗಾಜಿನಾಚೆ ಮುಖ ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಒಬ್ಬ ಹುಡುಗಿ ಫೋನ್ ಇಟ್ಟ ಮೇಲೂ ಗೋಡೆಗೆ ತಿರುಗಿ ನಿಂತೇ ಇದ್ದಳು. ಮೆಹರಕ್ಕ ರೇಡಿಯೋ ಜೋರು ಮಾಡಿದರು. ಹೊರಗಿದ್ದ ಅವಳಪ್ಪ ಎದ್ದು ಬಾಗಿಲ ಕಡೆ ನಡೆದಾಗ, "ಕೂತ್ಕೊಳಿ ಅಣ್ಣ, ಅವಳೇ ಬರ್ತಾಳೆ" ಎಂದು ತಡೆದರು. ಅವಳು ಮುಖ ಒರೆಸಿಕೊಂಡು ತಾನಾಗಿಯೇ ಬಂದು ಅಪ್ಪನಿಗೆ ಹೇಳಿದಳು. ಆತ ಬೈಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ನಾಗರಾಜ ಮೈಯೆಲ್ಲ ಗೀರಿಕೊಂಡು ಬಂದು ಲೈನ್ ಸರಿಯಾಯಿತೆಂದ. ನಾನು ಖುಷಿಯಿಂದ, ಬನ್ನಿ, ಕಂಪ್ಯೂಟರಿನಲ್ಲೇ ನೋಡಬಹುದು ಎಂದು ಕೂಗಿದೆ. ಸಾಲು ಕದಲಲಿಲ್ಲ. "ನಾವು ಒಳಗೇ ಕೇಳ್ತೀವಿ ಬಿಡಿ ಅಣ್ಣ" ಎಂದ ಮುಂದಿದ್ದ ಹುಡುಗ. ಎದುರಿನ ಸೆಂಟರಿನಲ್ಲಿ ಒಂದೊಂದು ರಿಸಲ್ಟಿಗೂ ಹತ್ತು ಜನ ಬಗ್ಗಿ ನೋಡುತ್ತಿದ್ದುದು ಇಲ್ಲಿಂದಲೇ ಕಾಣುತ್ತಿತ್ತು. ಅಂಗಡಿ ಉಳಿಯಿತು. ಮುಂದಿನ ವರ್ಷಗಳಲ್ಲೂ ರಿಸಲ್ಟ್ ಎಂದರೆ ಮೆಹರಕ್ಕನ ಕ್ಯಾಬಿನ್ನೇ. ಅದರೊಳಗೊಂದು ಕಂಪ್ಯೂಟರ್ ಇಟ್ಟು ಗಾಜಿನ ಬಾಗಿಲನ್ನು ಹಾಗೇ ಬಿಟ್ಟರು.

ಕೊನೆಗೆ ಅವರನ್ನು ಕುಣಿಗಲ್ಲಿಗೆ ಕಳಿಸಿದ್ದು ವ್ಯಾಪಾರವಲ್ಲ, ಮಂಡಿನೋವು. ಹೋದ ಮೇಲೂ ಆಗಾಗ ನನ್ನ ಅಂಗಡಿಯ ಫೋನಿಗೆ ಮಾಡಿ, ದನಿ ಬದಲಾಯಿಸಿ, "ಏನ್ರೀ, ನಮ್ ನೆಟ್ ಹೋಗ್ಬಿಟ್ಟಿದೆ, ಯಾವಾಗ ಬರ್ತೀರಿ?" ಎನ್ನುತ್ತಿದ್ದರು. "ನಾಳೆ ಬರ್ತೀವಿ ಮೇಡಂ" ಎಂದರೆ, "ಎರಡು ರಿಂಗಾಯ್ತು ಕಣೋ! ಏನ್ ಮಾಡ್ತಿದ್ದೆ?" ಎಂದು ತಮ್ಮ ದನಿಗೆ ಇಳಿದು ಬೈಯುತ್ತಿದ್ದರು. ಒಂದು ರಂಜಾನಿನ ನಂತರ ಆ ಫೋನು ಬರುವುದು ನಿಂತಿತು. ಸುದ್ದಿ ಹೇಳಿದ್ದು ಅವರ ಮಗಳು, ನನ್ನ ಮೊಬೈಲಿಗೆ.

ಮೊನ್ನೆ ಮೊನ್ನೆ ಹೊಸ ಕಂಪನಿಯ ಹುಡುಗ ಬಂದಿದ್ದ. ಸ್ಪೀಡು ಜಾಸ್ತಿ, ಬಾಡಿಗೆ ಕಮ್ಮಿ, "ಈ ಲ್ಯಾಂಡ್‌ಲೈನ್ ಒಂದು ವಾಪಸ್ ಕೊಟ್ಬಿಡಿ ಸರ್, ಯಾರೂ ಮಾಡಲ್ಲ ಇದಕ್ಕೆ" ಎಂದ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೂ ಲ್ಯಾಂಡ್‌ಲೈನಿನ ಹಳೇ ನಂಬರನ್ನು ಉಳಿಸಿಕೊಡುವ ನಿಧಾನದ ಲೈನನ್ನೇ ತಗೊಂಡೆ. ಈಗ ಅದು ರಿಂಗಾದರೆ ಸಾಲ ಬೇಕೇ ಎಂದು ಕೇಳುವವರೇ ಹೆಚ್ಚು. ನಾನು ಮಾತ್ರ ಮೊದಲನೇ ರಿಂಗಿಗೇ ಎತ್ತುತ್ತೇನೆ.