ಬಿಜಲಿಯ ಬಾಣಂತನ

ಗೊಲ್ಲಾಳಮ್ಮನ ಬೈಗುಳ ತಿನ್ನದ ಬಾಣಂತಿ ಸುರಪುರದಲ್ಲಿ ಸಿಗುವುದು ಕಷ್ಟ. ಹೆರಿಗೆಗಳೆಲ್ಲ ಆಸ್ಪತ್ರೆಗೆ ಹೋದವು, ಆದರೆ ಹೆತ್ತವಳಿಗೂ ಕೂಸಿಗೂ ಎರೆಯುವ ಕೆಲಸ ಮಾತ್ರ ಅವಳ ಕೈಯಲ್ಲೇ ಉಳಿಯಿತು. ಹಂಡೆಯ ನೀರು ಕುದಿಯುವಾಗ ಸೆರಗು ಸಿಕ್ಕಿಸಿಕೊಂಡು ಬಚ್ಚಲಿಗಿಳಿದಳೆಂದರೆ, ಆ ಮನೆಯಲ್ಲಿ ಗಂಡಸರು ಜಗಲಿ ಸೇರಬೇಕು, ಅತ್ತೆಯಂದಿರು ಬಾಯಿ ಮುಚ್ಚಬೇಕು. ಕೂಸನ್ನು ಕಾಲ ಮೇಲೆ ಬೋರಲು ಹಾಕಿ ಬೆನ್ನು ತಿಕ್ಕುತ್ತ, ಮೂಗು ತೀಡುತ್ತ, ಬಾಣಂತಿಯ ಸೊಂಟಕ್ಕೆ ಹಳೆಯ ಸೀರೆ ಬಿಗಿಯುತ್ತ, ಮಧ್ಯೆ ಮಧ್ಯೆ ಬೈಯುತ್ತ ಅವಳು ಮುಕ್ಕಾಲು ಊರನ್ನು ಬೆಳೆಸಿದ್ದಾಳೆ. ಈಗ ಮೀಸೆ ತಿರುವಿಕೊಂಡು ಓಡಾಡುವ ಎಷ್ಟೋ ಜನರ ಮೂಗು ನೆಟ್ಟಗಿದ್ದರೆ ಅದು ಅವಳ ಹೆಬ್ಬೆರಳಿನ ಪುಣ್ಯ.

ಅವಳ ನಿಜವಾದ ಹೆಮ್ಮೆ ಮಾತ್ರ ಅಂಟಿನುಂಡಿ. ತಿನ್ನುವ ಅಂಟನ್ನು ತುಪ್ಪದಲ್ಲಿ ಅರಳಿಸಿ, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಕೈತುಂಬ ಒಣದ್ರಾಕ್ಷಿ, ಗಸಗಸೆ, ಜಾಜಿಕಾಯಿ ಎಲ್ಲ ಸೇರಿಸಿ ಬೆಲ್ಲದ ಪಾಕದಲ್ಲಿ ಕಟ್ಟಿದ ಆ ಉಂಡೆಯನ್ನು ತಿಂದ ಬಾಣಂತಿಗೆ ಸೊಂಟ ನೋಯುವುದಿಲ್ಲ, ಎದೆಹಾಲು ಬತ್ತುವುದಿಲ್ಲ ಎಂಬುದು ಅವಳ ಖಾತ್ರಿ. ಯಾರಾದರೂ ಒಲ್ಲೆ ಎಂದರೆ ಅವಳ ಉತ್ತರ ಸಿದ್ಧವಿತ್ತು.

"ಒಲ್ಲೆ ಅನ್ನೂದು ಬಾಯಿ. ಬೇಕು ಅನ್ನೂದು ಮೈ. ನಾ ಮೈ ಕೂಡ ಮಾತಾಡಾಕತ್ತೀನಿ, ನೀ ಸುಮ್ಮ ತಿನ್ನು."

ತಿನ್ನುತ್ತಿದ್ದರು. ನಿನಗೇನು ಬೇಕು ಎಂದು ಬಾಣಂತಿಯನ್ನು ಕೇಳುವ ಪದ್ಧತಿ ಅವಳಲ್ಲಿರಲಿಲ್ಲ. ಕೂಸನ್ನು ಯಾರಾದರೂ ಕೇಳಿ ಎರೆಯುತ್ತಾರೆಯೇ?

ಬಿಜಲಿ ಅವಳ ನಾಯಿ. ಬೇಟೆನಾಯಿಯ ಉದ್ದ ಕಾಲು, ಬೀದಿನಾಯಿಯ ಮಡಿಚಿದ ಕಿವಿ, ಬೆಲ್ಲದ ಬಣ್ಣ. ಯಾರದೋ ಮನೆಯಿಂದ ಎರೆದು ಬರುವಾಗ ಮರಿಯಾಗಿ ಹಿಂದೆ ಬಂದದ್ದು, ಅಟ್ಟಿದರೂ ಹೋಗಲಿಲ್ಲ. ಆಮೇಲೆ ಗೊಲ್ಲಾಳಮ್ಮ ಯಾವ ಮನೆಗೆ ಎರೆಯಲು ಹೋದರೂ ಅದು ಮುಂದೆ. ಆ ಮನೆಯ ಹೊಸ್ತಿಲ ಹೊರಗೆ ಕಾಲು ಚಾಚಿ ಕೂತು, ಒಳಗೆ ಕೂಸು ಅತ್ತರೆ ಕಿವಿ ಎತ್ತಿ, ಅಳು ನಿಂತರೆ ಇಳಿಸುತ್ತಿತ್ತು. ಓಣಿಯಲ್ಲಿ ಬಿಜಲಿ ಕಂಡಿತೆಂದರೆ ಹೆಂಗಸರು ಹಂಡೆಗೆ ಉರಿ ಹೆಚ್ಚಿಸುವರು. ಗಂಡ ಸತ್ತ ವರ್ಷ ಯಾರ ಮುಂದೆಯೂ ಅಳದ ಗೊಲ್ಲಾಳಮ್ಮ ಆ ನಾಯಿಯ ಕುತ್ತಿಗೆ ಹಿಡಿದು ಅತ್ತಿದ್ದಳು. ಇದನ್ನು ಪಕ್ಕದ ಮನೆಯ ಚಮನಬೀ ಕಂಡಿದ್ದಳು, ಆದರೆ ಆಡಿಕೊಂಡಿರಲಿಲ್ಲ.

ಈ ಸಲ ಅವಳ ಮನೆಯಲ್ಲೇ ಇಬ್ಬರು ಬಾಣಂತಿಯರು. ಸೊಸೆ ಸೌಭಾಗ್ಯ ವಡಗೇರಾದ ಹುಡುಗಿ, ಸಣ್ಣವಳಿದ್ದಾಗಲೇ ತಾಯಿಯನ್ನು ಕಳೆದುಕೊಂಡವಳು. ಹೀಗಾಗಿ ಚೊಚ್ಚಲ ಬಾಣಂತನವೂ ಗಂಡನ ಮನೆಯಲ್ಲೇ ಆಯಿತು. ಅವಳು ಗಂಡುಮಗು ಹೆತ್ತ ವಾರದೊಳಗೆ, ಬಾಣಂತಿ ಕೋಣೆಯ ಕಿಟಕಿಯ ಕೆಳಗೆ ಹೊರಗಡೆ, ಗೋಣಿಚೀಲದ ಮೇಲೆ ಬಿಜಲಿ ನಾಲ್ಕು ಮರಿ ಹಾಕಿತು. ಮರಿಗಳು ಹೀರುತ್ತ ಹೋದಂತೆ ಅದರ ಪಕ್ಕೆಲುಬು ಎದ್ದು ಕಾಣತೊಡಗಿದವು. ಗೊಲ್ಲಾಳಮ್ಮ ನೋಡಿದಳು. ಬಾಣಂತಿ ಸೊರಗುವುದನ್ನು ಸಹಿಸುವವಳಲ್ಲ ಅವಳು, ಅದು ಎರಡು ಕಾಲಿನದಾಗಲಿ ನಾಲ್ಕು ಕಾಲಿನದಾಗಲಿ. ದಿನಾ ಬೆಳಿಗ್ಗೆ ಸೊಸೆಗೆ ಒಂದಿಡೀ ಉಂಡಿ, ನಾಯಿಗೆ ಅರ್ಧ ಉಂಡಿ ಎಂದು ನೇಮ ಮಾಡಿದಳು.

"ಗೊಲ್ಲಾಳಕ್ಕ, ನಾಯಿ ಹೊಟ್ಟಿಗಿ ತುಪ್ಪ ದಕ್ಕಂಗಿಲ್ಲ ಅಂತಾರ್ವಾ," ಎಂದು ಚಮನಬೀ ಗೋಡೆಯಾಚೆಯಿಂದ ನಕ್ಕಳು.

"ನನ್ನ ಕೈಯಾಗಿನ ತುಪ್ಪ ಕಲ್ಲಿಗೂ ದಕ್ಕತದ," ಎಂದಳು ಗೊಲ್ಲಾಳಮ್ಮ.

ಕೆಲವು ದಿನಗಳ ಬಳಿಕ ಒಂದು ಬೆಳಿಗ್ಗೆ ಬಿಜಲಿ ವಾಂತಿ ಮಾಡಿಕೊಂಡಿತು. ಮತ್ತೆ ಮಾಡಿಕೊಂಡಿತು. ಅಂದು ಗೊಲ್ಲಾಳಮ್ಮ ಎರೆಯಲು ಹೊರಟಾಗ ಎದ್ದು ನಿಂತಿತು, ಅಂಗಳದವರೆಗೆ ಬಂದು ಕಾಲು ನಡುಗಿ ಕೂತುಬಿಟ್ಟಿತು. ಥಂಡಿ ಹಿಡಿದಿದೆ ಎಂದುಕೊಂಡಳು. ಬಾಣಂತಿಗೆ ಥಂಡಿಯಾದರೆ ಏನು ಮಾಡಬೇಕೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅಂದು ಅರ್ಧದ ಬದಲು ಒಂದಿಡೀ ಉಂಡಿಯನ್ನು ಮುರಿದು, ಹುರಿದ ಬೆಳ್ಳುಳ್ಳಿ ಇಟ್ಟು, ಬಾಯಿ ಅಗಲಿಸಿ ನುಂಗಿಸಿದಳು. ನಾಯಿ ಒಲ್ಲೆನೆಂದು ತಲೆ ತಿರುವಿತು. ಒಲ್ಲೆ ಅನ್ನುವುದು ಬಾಯಿ ತಾನೆ.

ಕಿಟಕಿಯಿಂದ ಸೌಭಾಗ್ಯ ಇದನ್ನು ನೋಡುತ್ತಿದ್ದಳು. ಅವಳ ಮುಖ ಬಿಳಿಚಿತ್ತು, ಕೈಯಲ್ಲಿ ಫೋನು.

"ಅತ್ತಿ, ನಾಯಿಗಿ ದ್ರಾಕ್ಷಿ ಹಾಕಬಾರದಂತ್ರಿ. ಇದರಾಗ ಬರದಾರ. ಬಳ್ಳೊಳ್ಳಿನೂ ಹಾಕಬಾರದಂತ."

"ಫೋನು ಎಷ್ಟು ಬಾಣಂತನ ಮಾಡ್ಯಾದ, ಕೇಳು ಅದಕ್ಕ," ಎಂದಳು ಗೊಲ್ಲಾಳಮ್ಮ. "ಕಿಟಕಿ ಮುಚ್ಚು. ಗಾಳಿ ಬಡೀತದ."

ಮರುದಿನಕ್ಕೆ ಬಿಜಲಿ ನೀರನ್ನೂ ಮೂಸದಾಯಿತು. ಮೂತ್ರ ಹೋಗಿರಲಿಲ್ಲ. ಮರಿಗಳು ಒಣ ಮೊಲೆ ಎಳೆದೆಳೆದು ಕುಂಯ್ಗುಡುತ್ತಿದ್ದವು. ಗೊಲ್ಲಾಳಮ್ಮ ಎರೆಯುವ ಮನೆಗಳಿಗೆ ಬರುವುದಿಲ್ಲವೆಂದು ಹೇಳಿ ಕಳಿಸಿದಳು, ಅವಳ ಜನ್ಮದಲ್ಲಿ ಇದು ಮೊದಲು. ಟಂಟಂ ಓಡಿಸುವ ಮಗ ಸಂಗಣ್ಣ ಪ್ಯಾಸೆಂಜರ್‌ಗಳನ್ನು ಬಿಟ್ಟು ಬಂದ. ನಾಯಿಗಳನ್ನು ನೋಡುವ ಡಾಕ್ಟರು ಶಹಾಪುರದಲ್ಲಿದ್ದಾರೆಂದು ಯಾರೋ ಅವನಿಗೆ ಹೇಳಿದ್ದರು. ಹಿಂದಿನ ಸೀಟಿನಲ್ಲಿ ಬಿಜಲಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗೊಲ್ಲಾಳಮ್ಮ ದಾರಿಯುದ್ದಕ್ಕೂ ಅದರ ಹೊಟ್ಟೆ ನೀವಿದಳು. ರಸ್ತೆಯ ಪ್ರತಿ ಕುಣಿಗೂ ಮಗನನ್ನು ಬೈದಳು, ಕುಣಿ ತೋಡಿದವನು ಅವನೇ ಎಂಬಂತೆ.

ಡಾಕ್ಟರ ಹೆಸರು ಶಿವರಾಜ. ಚಿಕ್ಕ ವಯಸ್ಸು, ಮೆತ್ತನೆಯ ದನಿ. ರಕ್ತ ತೆಗೆದು ಪರೀಕ್ಷೆಗೆ ಹಾಕಿ, ಕಾಲಿಗೆ ಸಲಾಯಿನ್ ಹಚ್ಚಿ ಕೇಳಿದ: "ಯವ್ವಾ, ಏನೇನ್ ಹಾಕೀರಿ ತಿನ್ನಾಕ?"

ಗೊಲ್ಲಾಳಮ್ಮ ಹೇಳಿದಳು. ಹೇಳುವಾಗ ಅಷ್ಟು ದುಃಖದಲ್ಲೂ ಅವಳ ದನಿಯಲ್ಲಿ ಹೆಮ್ಮೆ ಇಣುಕಿತು. ಅಂಟು, ಕೊಬ್ಬರಿ, ಉತ್ತತ್ತಿ. ದ್ರಾಕ್ಷಿ ಎಂದಾಗ ಡಾಕ್ಟರು ಕಣ್ಣು ಮುಚ್ಚಿಕೊಂಡ. ಜಾಜಿಕಾಯಿ ಎಂದಾಗ ತಲೆಯಾಡಿಸಿದ.

"ದ್ರಾಕ್ಷಿ ನಾಯಿಗಿ ವಿಷರೀ. ಕಿಡ್ನಿ ಹೋಗ್ತಾವ. ಮಂದಿ ಬಾಣಂತನ ಬ್ಯಾರೆ, ನಾಯಿದು ಬ್ಯಾರೆ."

"ಮತ್ತ ಏನ್ ಹಾಕಬೇಕಿತ್ರಿ? ಸೊರಗಿತ್ತು ಅದು."

"ಏನೂ ದೊಡ್ಡದಿರಲಿಲ್ರಿ. ದಿನಾ ತಿನ್ನೂ ಅನ್ನ ರೊಟ್ಟಿನೇ ಇನ್ನೊಂದೆರಡು ಸಲ ಜಾಸ್ತಿ, ಜೋಡಿಗೆ ಕುದಿಸಿದ ತತ್ತಿ, ಉಪ್ಪು ಖಾರ ಇಲ್ದ ಕುದಿಸಿದ ಕೋಳಿ. ಮುಂದ ಕುಡಿಯೋ ನೀರು. ಅಷ್ಟ."

ಅಷ್ಟೇ. ಆ ಮಾತು ಅವಳನ್ನು ಕೊಂದಿತು. ತುಪ್ಪವಿಲ್ಲ, ಜಾಜಿಕಾಯಿಯಿಲ್ಲ, ಯಾವ ಹಳೆಯ ಗುಟ್ಟೂ ಇಲ್ಲ. ಒಂದು ರೊಟ್ಟಿ ಹೆಚ್ಚು ಹಾಕಿದ್ದರೆ ಸಾಕಿತ್ತು.

"ಅರ್ಧರ್ಧ ಉಂಡಿ ಅಂದ್ರಿ. ಅರ್ಧಾನೂ ವಿಷನೇ, ಖರೆ. ಆದ್ರ ಇದರ ಮೈಯಾಗ ವಿಷ ಅದಕ್ಕಿಂತ ಭಾಳ ಏರ್ಯಾದ," ಎಂದ ಡಾಕ್ಟರು. "ಮನ್ಯಾಗ ಮತ್ಯಾರರ ಹಾಕ್ಯಾರೇನ್ರಿ?"

"ನನ್ನ ಮನ್ಯಾಗ ನನ್ನ ಕೇಳ್ದ ಯಾರೂ ಏನೂ ಹಾಕಂಗಿಲ್ಲ," ಎಂದಳು.

ಸಲಾಯಿನ್ ಮುಗಿಯಿತು, ಇನ್ನೊಂದು ಹಚ್ಚಿದರು. ಮೂತ್ರ ಬರಲಿಲ್ಲ. ಮನೆಗೆ ಒಯ್ದು, ತಿಂದರೆ ತೆಳ್ಳನೆಯ ಅನ್ನದ ಗಂಜಿ, ಇಲ್ಲವೇ ಕೋಳಿ ಕುದಿಸಿದ ಸಪ್ಪೆ ನೀರು ಕುಡಿಸಿರಿ, ನಾಳೆ ಮತ್ತೆ ತನ್ನಿರಿ ಎಂದ ಡಾಕ್ಟರು ನಾಳೆ ಎನ್ನುವಾಗ ಅವಳ ಮುಖ ನೋಡಲಿಲ್ಲ.

ಮನೆಯಲ್ಲಿ ಗಂಜಿಯನ್ನು ಬೆರಳಿಗೆ ಹಚ್ಚಿ ನೆಕ್ಕಿಸಲು ನೋಡಿದಳು. ನಾಲಿಗೆ ಹೊರಗೆ ಬರಲಿಲ್ಲ. ಆಗ ಗೊಲ್ಲಾಳಮ್ಮ ಎದ್ದು, ಕೊರಳಿನ ಲಿಂಗದ ಕರಡಿಗೆಯನ್ನು ಒಮ್ಮೆ ಮುಟ್ಟಿಕೊಂಡು, ತನ್ನದೇ ತಂಬಿಗೆ ಹಿಡಿದು ಚಮನಬೀಯ ಬಾಗಿಲಿಗೆ ನಡೆದಳು. ಸೊಸೆಯಾಗಿ ಈ ಓಣಿಗೆ ಬಂದಾಗಿನಿಂದ ಆ ಮನೆಯ ಒಗ್ಗರಣೆ ವಾಸನೆಗೆ ಮೂಗು ಮುಚ್ಚಿಕೊಂಡವಳು.

"ಚಮನಬೀ, ಕೋಳಿ ಕುದಿಸಿ ನೀರು ಕೊಡವ್ವ. ಉಪ್ಪು ಹಾಕಬ್ಯಾಡ. ಉಳ್ಳಾಗಡ್ಡಿ ಹಾಕಬ್ಯಾಡ. ಏನೂ ಹಾಕಬ್ಯಾಡ."

ಚಮನಬೀ ತಂಬಿಗೆ ನೋಡಿದಳು, ಅವಳನ್ನು ನೋಡಿದಳು. "ನಿಂದ ತಂಬಿಗಿ ಯಾಕಕ್ಕ, ನಂದರಾಗ ಕೊಡ್ತೀನಿ," ಎಂದಳು.

"ಯಾವುದರಾಗರ ಕೊಡು. ಲಗೂ ಕೊಡು."

ಆ ನೀರನ್ನು ಆರಿಸಿ ತಂದು ಬಿಜಲಿಯ ಮೂತಿಗೆ ಹಿಡಿದಳು. ಅದು ಮೂಸಿತು. ಬಾಲದ ತುದಿ ಒಂದಿಷ್ಟು ಅಲುಗಿತು. ಕುಡಿ ನನ್ನವ್ವ, ಕುಡಿ ನನ್ನ ಬಂಗಾರ, ಇನ್ನು ಮೇಲೆ ನೀ ಹೇಳಿದ್ದೇ ಹಾಕುತ್ತೇನೆ ಎಂದು ಬೇಡಿಕೊಂಡಳು. ಕಂಡ ದೇವರಿಗೆಲ್ಲ ಹರಕೆ ಹೊತ್ತಳು. ಬಿಜಲಿ ಎರಡು ಗುಟುಕು ಕುಡಿಯಿತು. ಕುಡಿದದ್ದನ್ನೆಲ್ಲ ಅವಳ ಸೀರೆಯ ಮೇಲೇ ಕಾರಿತು.

ಅದನ್ನು ಒರೆಸಲು ಗೋಣಿಚೀಲ ಸರಿಸಿದಾಗ ಅದು ಕಂಡಿತು. ಕಿಟಕಿಯ ಕೆಳಗೆ, ಗೋಡೆಯ ಮೂಲೆಯಲ್ಲಿ, ಒಂದು ಉಂಡಿ. ಒಂದೇ ಒಂದು ಕಡೆ ಕಚ್ಚಿದ್ದು. ಕಚ್ಚಿದವರ ಹಲ್ಲು ಸಣ್ಣವು, ಸಾಲಾದವು, ನಾಯಿಯವಲ್ಲ. ಅದರ ಪಕ್ಕದ ಮಣ್ಣಿನಲ್ಲಿ ಹಳೆಯ ಪುಡಿ, ಇರುವೆ ಮುತ್ತಿದ ಉತ್ತತ್ತಿಯ ಚೂರು.

ಗೊಲ್ಲಾಳಮ್ಮನಿಗೆ ಎಲ್ಲ ತಿಳಿಯಿತು. ದಿನಾ ಸೊಸೆಗೆ ಕೊಟ್ಟ ಇಡೀ ಉಂಡಿ ಕಿಟಕಿಯಿಂದ ಇಳಿದು ಇಲ್ಲಿಗೇ ಬರುತ್ತಿತ್ತು. ಸಿಟ್ಟು ನೆತ್ತಿಗೇರಿತು. ಕೂಗಿ ಓಣಿ ನೆರೆಸಬೇಕೆಂದು ಬಾಯಿ ತೆರೆದಳು. ಕೊಂದವಳು ನೀನು ಎನ್ನಲು ನಾಲಿಗೆ ತುರಿಸಿತು, ಹಾಗೆ ಅಂದುಬಿಟ್ಟರೆ ಎದೆಯ ಮೇಲಿನ ಕಲ್ಲು ಅರ್ಧವಾದರೂ ಇಳಿಯುತ್ತಿತ್ತು. ತಲೆ ಎತ್ತಿದಳು. ಕಿಟಕಿಯ ಸರಳು ಹಿಡಿದು ಸೌಭಾಗ್ಯ ನಿಂತಿದ್ದಳು. ಕೂಸು ಹೆಗಲ ಮೇಲಿತ್ತು. ಕಣ್ಣು ಬಾತಿದ್ದವು. ಅವಳ ಕೊರಳ ಎಲುಬು ಬಿಜಲಿಯ ಪಕ್ಕೆಲುಬಿನಂತೆಯೇ ಎದ್ದಿದ್ದನ್ನು ಗೊಲ್ಲಾಳಮ್ಮ ಆಗ ಕಂಡಳು. ದಿನಾ ತಾನೇ ಎರೆಯುವ ಮೈ. ದಿನಾ ತಿಕ್ಕಿದ್ದಳು, ನೋಡಿರಲಿಲ್ಲ.

ಮೈ ಕೂಡ ಮಾತಾಡುತ್ತೇನೆ ಎಂದು ಊರಿಗೆಲ್ಲ ಹೇಳಿಕೊಂಡವಳು, ತನ್ನ ಮನೆಯ ಎರಡು ಮೈಗಳು ಹೇಳಿದ್ದನ್ನು ಕೇಳಿಸಿಕೊಳ್ಳಲಿಲ್ಲ. ಕಚ್ಚಿದ ಉಂಡಿಯನ್ನು ಎತ್ತಿ ಸೆರಗಿನಲ್ಲಿ ಮುಚ್ಚಿಟ್ಟುಕೊಂಡಳು. ತೆರೆದ ಬಾಯಿ ಹಾಗೆಯೇ ಮುಚ್ಚಿತು.

ಬಿಜಲಿ ಮರುದಿನ ಶಹಾಪುರಕ್ಕೆ ಹೋಗಲಿಲ್ಲ. ಬೆಳಿಗ್ಗೆ, ಗೊಲ್ಲಾಳಮ್ಮ ಎರೆಯಲು ಹೊರಡುವ ಹೊತ್ತಿಗೆ, ಒಮ್ಮೆ ಕಿವಿ ಎತ್ತಿತು. ಒಳಗೆ ಕೂಸು ಅಳುತ್ತಿತ್ತು. ಆ ಅಳು ನಿಂತಿತು, ಎತ್ತಿದ ಕಿವಿ ಇಳಿಯಿತು, ಮತ್ತೆ ಏಳಲಿಲ್ಲ. ಗೊಲ್ಲಾಳಮ್ಮ ಗೋಡೆಗೆ ತಲೆ ಚಚ್ಚಿಕೊಂಡು ಅತ್ತಳು. ಈ ಸಲ ಎಲ್ಲರ ಮುಂದೆ ಅತ್ತಳು. ಸಂಗಣ್ಣ ಅದನ್ನು ಹೊಲದ ದಂಡೆಯಲ್ಲಿ ಹೂಳಿ ಬಂದು, ಡಾಕ್ಟರಿಗೆ ಫೋನು ಮಾಡಿ, ಅವರು ಹೇಳಿದ ಮರಿಗಳ ಹಾಲಿನ ಪುಡಿಯ ಡಬ್ಬಿಗಾಗಿ ಯಾದಗಿರಿಗೆ ಓಡಿದ.

ಡಬ್ಬಿ ಬಂತು. ಗೊಲ್ಲಾಳಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿದಳು, ಅಕ್ಷರ ಗೊತ್ತಿಲ್ಲ. ಕೋಣೆಯ ಬಾಗಿಲಿಗೆ ಹೋಗಿ ಸೊಸೆಯ ಮುಂದೆ ಹಿಡಿದಳು.

"ಓದು. ಎಷ್ಟು ಹಾಕಬೇಕು, ಎಷ್ಟು ಬಿಸಿ ಇರಬೇಕು. ನೀ ಹೇಳಿದಂಗ ಮಾಡ್ತೀನಿ."

ಸೌಭಾಗ್ಯ ಡಬ್ಬಿ ಹಿಡಿದಳು, ಓದಲಾಗಲಿಲ್ಲ. "ಅತ್ತಿ, ನನಗ ಆ ಉಂಡಿ ಸೇರತಿರಲಿಲ್ರಿ. ವಾಕರಿಕಿ ಬರತಿತ್ತು. ನಿಮಗ ಹೇಳಾಕ ಹೆದರಿ ನಾ ದಿನಾ…"

"ನಾನೇ ಹಾಕೀನಿ," ಎಂದಳು ಗೊಲ್ಲಾಳಮ್ಮ. "ಬಾಯಿ ಹಿಚುಕಿ ನುಂಗಿಸಿದಾಕಿ ನಾನು. ಇದನ್ನ ಯಾರ ಮುಂದೂ ಆಡಬ್ಯಾಡ, ನನ್ನ ಮುಂದೂ ಆಡಬ್ಯಾಡ."

ಸೌಭಾಗ್ಯ ಕಣ್ಣೀರು ಒರೆಸಿಕೊಂಡು ಓದಿ ಹೇಳಿದಳು. ಗೊಲ್ಲಾಳಮ್ಮ ಕಲಸಿದಳು. ಹತ್ತಿಯ ಬತ್ತಿಯಲ್ಲಿ ಹನಿ ಹನಿಯಾಗಿ ಹಾಕುತ್ತ ಹೋದಂತೆ ಮೂರು ಮರಿ ಹೀರಿದವು. ನಾಲ್ಕನೆಯದು ಹೀರಲಿಲ್ಲ, ಅದು ಉಳಿಯುವುದು ಅನುಮಾನವೆಂದು ಎರೆಯುವ ಕೈಗೆ ತಿಳಿಯಿತು. ಅದನ್ನೂ ಸೆರಗಿನಲ್ಲಿ ಬೆಚ್ಚಗೆ ಸುತ್ತಿಕೊಂಡಳು.

ಆಮೇಲೆ ಅಭ್ಯಾಸದಂತೆ ಉಂಡಿಯ ಡಬ್ಬಿಯತ್ತ ಕೈ ಚಾಚಿದವಳು ಅಲ್ಲಿಯೇ ನಿಂತಳು. ಜೀವಮಾನದಲ್ಲಿ ಯಾವ ಬಾಣಂತಿಯನ್ನೂ ಕೇಳದಿದ್ದುದನ್ನು ಕೇಳಲು ಅವಳಿಗೆ ಬಹಳ ಹೊತ್ತು ಹಿಡಿಯಿತು.

"ಸೌಭಾಗ್ಯ, ನಿನಗೇನ್ ತಿನಬೇಕನಸ್ತದ?"

ಸೌಭಾಗ್ಯ ಹೆದರಿ ಹೆದರಿ ಹೇಳಿದಳು. "ಮಜ್ಜಗಿ ಅನ್ನರಿ."

ಮಜ್ಜಿಗೆ. ಬಾಣಂತಿಗೆ ಮಜ್ಜಿಗೆ. ಅದನ್ನು ಬಾಯಲ್ಲಿ ಆಡಿದವರನ್ನೇ ಬಚ್ಚಲಿಂದ ಎಬ್ಬಿಸಿ ಕಳಿಸಿದ್ದವಳು ಗೊಲ್ಲಾಳಮ್ಮ. ಅಡುಗೆಮನೆಗೆ ಹೋಗಿ ಗಡಿಗೆಯ ಮುಚ್ಚಳ ತೆಗೆದಳು.

"ಉಪ್ಪು ಹಾಕ್ಲೇನು?" ಎಂದು ಅಲ್ಲಿಂದಲೇ ಕೇಳಿದಳು.